ಮಹಾವಿದ್ಯಾಲಯದೊಳಗಿನ ಮೂರು ಶಾಲೆಗಳು



ಪ್ರತಿವರ್ಷವೂ ಎಸ್.ಎಸ್.ಸಿ. ಪರೀಕ್ಷೆಯನ್ನು ಮುಗಿಸಿ ನಮ್ಮ ಶಾಲೆಯ ಮೆಟ್ಟಿಲುಗಳನ್ನು ಇಳಿಯುವ ಹುಡುಗ ಹುಡುಗಿಯರ ಮನಸ್ಸಿನಲ್ಲಿ ಎರಡು ಭಾವನೆಗಳು ಒಟ್ಟಿಗೆ ನೆಲೆಸಿರುತ್ತವೆ. ಇನ್ನು ಮುಂದೆ ನಾವು ಕಾಲೇಜಿನವರು ಎಂಬ ಹಿಗ್ಗು ಒಂದು. ಹತ್ತು ವರ್ಷ ಕನ್ನಡದಲ್ಲಿ ಓದಿದ ನಾವು ಅಲ್ಲಿಯ ಇಂಗ್ಲಿಷಿನ ಪಾಠಗಳನ್ನು ಅರಗಿಸಿಕೊಳ್ಳಬಲ್ಲೆವೆ ಎಂಬ ಅಳುಕು ಇನ್ನೊಂದು. ಹಿಗ್ಗನ್ನು ಎಲ್ಲರೂ ಬಾಯಿಬಿಟ್ಟು ಹೇಳುತ್ತಾರೆ. ಅಳುಕನ್ನು ಮಾತ್ರ ಒಳಗೇ ಬಚ್ಚಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟ ಅಳುಕು ಬೆಳೆಯುತ್ತ ಹೋಗುತ್ತದೆ. ಅದರ ದೆಸೆಯಿಂದಲೇ ತಮಗೆ ಪ್ರಿಯವಾದ ವಿಷಯವನ್ನು ಆರಿಸಿಕೊಳ್ಳದೆ ಹೋದವರುಂಟು. ಮೊದಲನೆಯ ವರ್ಷದಲ್ಲಿಯೇ ಓದಿಗೆ ಶರಣು ಹೊಡೆದವರೂ ಉಂಟು.

ನಾನೂ ಇದೇ ಶಾಲೆಯ ಬೆಂಚುಗಳ ಮೇಲೆ ಕುಳಿತು ಗಣಿತವನ್ನೂ ವಿಜ್ಞಾನವನ್ನೂ ಕನ್ನಡದಲ್ಲಿ ಕಲಿತವಳು. ಈಗ ಮುಂಬಯಿಯ ಒಂದು ಮಹಾವಿದ್ಯಾಲಯದಲ್ಲಿ ಸಸ್ಯಶಾಸ್ತ್ರವನ್ನು ಮುಖ್ಯ ವಿಷಯವಾಗಿ ತೆಗೆದುಕೊಂಡು ಪದವಿ ತರಗತಿಯ ಮೂರನೆಯ ವರ್ಷದಲ್ಲಿ ಓದುತ್ತಿದ್ದೇನೆ. ಕಾಲೇಜಿನ ಜೀವನವೆಂದರೆ ಹೇಗಿರುತ್ತದೆಂಬುದನ್ನು ಕಿರಿಯರಿಗೆ ತಿಳಿಸಬೇಕೆಂದು ಸಂಪಾದಕ ಗುರುಗಳು ಅಪ್ಪಣೆ ಮಾಡಿದುದರಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ನಾನು ಕಂಡಂತೆ ಒಂದು ಮಹಾವಿದ್ಯಾಲಯದೊಳಗೆ ಮೂರು ಶಾಲೆಗಳಿರುತ್ತವೆ. ಮೊದಲನೆಯದು ಪಾಠದ ಶಾಲೆ. ಎರಡನೆಯದು ಸೇವೆಯ ಶಾಲೆ. ಮೂರನೆಯದು ಅಂಗಳದ ಶಾಲೆ. ಈ ಮೂರರಲ್ಲಿಯೂ ನೀವು ಕನ್ನಡ ಶಾಲೆಯಿಂದ ಕಟ್ಟಿಕೊಂಡು ಹೋಗುವ ಬುತ್ತಿಯು ಉಪಯೋಗಕ್ಕೆ ಬರುತ್ತದೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಪಾಠದ ಶಾಲೆ

ಮಹಾರಾಷ್ಟ್ರದಲ್ಲಿ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ಜೂನಿಯರ್ ಕಾಲೇಜು ಎಂದು ಕರೆಯುತ್ತಾರೆ. ಅದನ್ನು ದಾಟಿದ ಬಳಿಕ ಪದವಿಯ ವ್ಯಾಸಂಗ ಮೊದಲಾಗುತ್ತದೆ. ಶಾಲೆಗೂ ಕಾಲೇಜಿಗೂ ಇರುವ ದೊಡ್ಡ ಅಂತರವು ಪುಸ್ತಕದ ಗಾತ್ರದಲ್ಲಿಲ್ಲ, ಕಾಲದ ಒಡೆತನದಲ್ಲಿದೆ. ಶಾಲೆಯಲ್ಲಿ ನಮ್ಮ ಕಾಲವು ಗುರುಗಳ ಕೈಯಲ್ಲಿರುತ್ತದೆ. ಕಾಲೇಜಿನಲ್ಲಿ ಅದು ನಮ್ಮ ಕೈಗೆ ಬರುತ್ತದೆ.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಈಗಿನ ಪದವಿ ವ್ಯಾಸಂಗವನ್ನು ಕ್ರೆಡಿಟ್ ಎಂಬ ಮಾನದಿಂದ ಅಳೆಯುತ್ತಾರೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ 15 ಗಂಟೆಗಳ ಉಪನ್ಯಾಸಕ್ಕೆ ಒಂದು ಕ್ರೆಡಿಟ್. ಪ್ರಯೋಗಶಾಲೆಯ ಕೆಲಸವಾದರೆ 30 ಗಂಟೆಗಳಿಗೆ ಒಂದು. ಮೂರು ವರ್ಷಗಳ ಪದವಿಗೆ ಕನಿಷ್ಠ 120 ಕ್ರೆಡಿಟ್‌ಗಳು ಬೇಕು. ನಾಲ್ಕು ವರ್ಷಗಳದಕ್ಕೆ 160. ಮೂರು ವರ್ಷಗಳೆಂದರೆ ಆರು ಅವಧಿಗಳು. ಆದುದರಿಂದ ಅವಧಿಯೊಂದಕ್ಕೆ ಸುಮಾರು 20 ಕ್ರೆಡಿಟ್‌ಗಳು, ಅಂದರೆ 300 ಗಂಟೆಗಳ ಪಾಠ. ಇದನ್ನು 15 ವಾರಗಳಿಗೆ ಹಂಚಿದರೆ ವಾರಕ್ಕೆ 20 ಗಂಟೆಗಳಾದುವು. ಪ್ರಯೋಗಗಳಿದ್ದರೆ ಇನ್ನಷ್ಟು ಹೆಚ್ಚಬಹುದು. ಆದರೆ ಒಂದು ವಾರದಲ್ಲಿರುವ ಗಂಟೆಗಳು 168! ನಿದ್ರೆ, ಊಟ, ಲೋಕಲ್ ರೈಲಿನ ಪ್ರಯಾಣ ಇವೆಲ್ಲವನ್ನೂ ಕಳೆದ ಮೇಲೂ ದೊಡ್ಡದೊಂದು ಪಾಲು ನಮಗೇ ಉಳಿಯುತ್ತದೆ. ಅದನ್ನು ಹೇಗೆ ಬಳಸಿದಿರಿ ಎಂದು ಕೇಳುವವರು ಅಲ್ಲಿ ಯಾರೂ ಇಲ್ಲ. ಶೇಕಡ 75ರಷ್ಟು ಹಾಜರಿ ಇರಬೇಕೆಂಬ ನಿಯಮವೇನೋ ಉಂಟು. ಆದರೆ ಹಾಜರಿಯ ಪಟ್ಟಿಯು ದೇಹವನ್ನು ಮಾತ್ರ ಎಣಿಸಬಲ್ಲದು, ಮನಸ್ಸನ್ನು ಎಣಿಸಲಾರದು.

ಇನ್ನು ಭಾಷೆಯ ಮಾತು. ಮೊದಲ ಕೆಲವು ವಾರಗಳಲ್ಲಿ ಉಪನ್ಯಾಸವು ಕಿವಿಗೆ ಬೀಳುತ್ತದೆ, ತಲೆಗೆ ಏರುವುದಿಲ್ಲ. ಇದು ನಿಜ; ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಇದಕ್ಕೆ ಕಾರಣವನ್ನು ಸರಿಯಾಗಿ ತಿಳಿಯಬೇಕು. ನಮಗೆ ಹೊಸದಾಗಿರುವುದು ಹೆಸರು, ಪದಾರ್ಥವಲ್ಲ. ಅಧ್ಯಾಪಕರು ಫೋಟೋಸಿಂಥೆಸಿಸ್ ಎಂದಾಗ ಕೆಲವರು ಗಾಬರಿಗೊಳ್ಳುತ್ತಾರೆ. ಆದರೆ ದ್ಯುತಿಸಂಶ್ಲೇಷಣೆಯನ್ನು ನಾವು ಚಿತ್ರ ಬರೆದು ಕಲಿತಿದ್ದೇವಲ್ಲವೆ? ಆ ಇಂಗ್ಲಿಷ್ ಪದವನ್ನು ಬಿಡಿಸಿ ನೋಡಿದರೆ ಗ್ರೀಕ್ ಭಾಷೆಯ ಎರಡು ತುಂಡುಗಳು ದೊರೆಯುತ್ತವೆ: ಬೆಳಕು ಎಂಬುದೊಂದು, ಕೂಡಿಸಿ ಕಟ್ಟುವುದು ಎಂಬುದೊಂದು. ನಮ್ಮ ಪದದಲ್ಲಿಯೂ ಇರುವುದು ಅವೇ: ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವಿಕೆ. ಕ್ಲೋರೋಫಿಲ್ ಎಂಬುದು ಹಸುರು ಮತ್ತು ಎಲೆ ಎಂಬ ಎರಡು ಗ್ರೀಕ್ ಪದಗಳಿಂದಾಗಿದೆ. ಪತ್ರಹರಿತ್ತು ಎಂಬುದೂ ಹಾಗೆಯೇ. ಜ್ಯಾಮಿತಿಯ ಐಸೋಸಿಲಿಸ್ ತ್ರಿಕೋನವನ್ನು ನಾವು ಸಮದ್ವಿಬಾಹು ತ್ರಿಭುಜವೆಂದು ಕಲಿತೆವು. ಗ್ರೀಕ್ ಪದದ ಅರ್ಥ ಸಮನಾದ ಕಾಲುಗಳುಳ್ಳದ್ದು ಎಂದು. ಅವರು ಕಾಲೆಂದುದನ್ನು ನಮ್ಮವರು ತೋಳೆಂದರು, ಅಷ್ಟೇ ವ್ಯತ್ಯಾಸ!

ಇನ್ನೊಂದು ಉದಾಹರಣೆ ಇದಕ್ಕಿಂತಲೂ ಸ್ವಾರಸ್ಯವಾದುದು. ಆಕ್ಸಿಜನ್ ಎಂಬ ಹೆಸರನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲವಾಸಿಯೇ 1777ರ ಸುಮಾರಿಗೆ ರೂಪಿಸಿದನು. ಆಮ್ಲವನ್ನು ಹುಟ್ಟಿಸುವುದು ಎಂದು ಅದರ ಅರ್ಥ. ಎಲ್ಲ ಆಮ್ಲಗಳಲ್ಲಿಯೂ ಈ ಅನಿಲವು ಇದ್ದೇ ಇರುತ್ತದೆಂದು ಅವನು ನಂಬಿದ್ದನು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿಯು ಕ್ಲೋರೀನ್ ಒಂದು ಮೂಲವಸ್ತುವೆಂದು ಸಾರಿ, ಇಂದು ನಾವು ಹೈಡ್ರೋಕ್ಲೋರಿಕ್ ಎಂದು ಕರೆಯುವ ಆಮ್ಲದಲ್ಲಿ ಆ ಅನಿಲದ ಸೋಂಕೇ ಇಲ್ಲವೆಂಬುದನ್ನು ತೋರಿಸಿಕೊಟ್ಟನು. ಹೀಗೆ ನಂಬಿಕೆ ಬಿದ್ದುಹೋಯಿತು; ಹೆಸರು ಮಾತ್ರ ಉಳಿಯಿತು. ಆಮ್ಲಜನಕ ಎಂಬ ನಮ್ಮ ಪದವನ್ನು ಕೇಳಿದ ಕನ್ನಡ ವಿದ್ಯಾರ್ಥಿಗೆ, ಇದಕ್ಕೂ ಆಮ್ಲಕ್ಕೂ ಏನು ಸಂಬಂಧ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಆಕ್ಸಿಜನ್ ಎಂದು ಬಾಯಿಪಾಠ ಮಾಡಿದವರಿಗೆ ಆ ಪ್ರಶ್ನೆ ಏಳುವ ಸಂಭವ ಕಡಮೆ. ಅರ್ಥವು ಹೊರಗೆ ಕಾಣುವ ಪದಗಳಿಂದ ಶಾಸ್ತ್ರವನ್ನು ಕಲಿತುದು ನಮ್ಮ ಪಾಲಿನ ಭಾಗ್ಯವೆಂದೇ ನಾನು ತಿಳಿದಿದ್ದೇನೆ.

ಆದುದರಿಂದ ಹೊಸ ಭಾಷೆಗೆ ಹೋಗುವವರು ಮಾಡಬೇಕಾದ ಕೆಲಸವು ಬೆಟ್ಟವನ್ನು ಅಗೆಯುವಂಥದಲ್ಲ. ಒಂದು ನೋಟುಪುಸ್ತಕದ ಪುಟವನ್ನು ಎರಡಾಗಿ ಭಾಗಿಸಿ, ಎಡಗಡೆ ಇಂಗ್ಲಿಷ್ ಪದವನ್ನೂ ಬಲಗಡೆ ಶಾಲೆಯಲ್ಲಿ ಕಲಿತ ಕನ್ನಡ ಪದವನ್ನೂ ಬರೆಯುತ್ತ ಹೋಗಿರಿ. ದಿನಕ್ಕೆ ಹತ್ತು ಪದಗಳಂತೆ ಬರೆದರೆ ಮೂರು ತಿಂಗಳುಗಳಲ್ಲಿ ಒಂಬೈನೂರು ಪದಗಳಾಗುತ್ತವೆ. ಒಂದು ವಿಷಯದ ಮೊದಲ ವರ್ಷದ ಪಠ್ಯವನ್ನು ಓದಿ ತಿಳಿಯುವುದಕ್ಕೆ ಅಷ್ಟು ಬಂಡವಾಳ ಸಾಕು. ನಾಳೆಯ ಪಾಠವನ್ನು ಹಿಂದಿನ ರಾತ್ರಿಯೇ ಒಮ್ಮೆ ಓದಿಕೊಂಡು ಹೋದರೆ ಉಪನ್ಯಾಸದ ಅರ್ಧ ಭಾರವು ಇಳಿಯುತ್ತದೆ. ಉಳಿದ ಅರ್ಧವು ಪ್ರಶ್ನೆ ಕೇಳುವುದರಿಂದ ಇಳಿಯುತ್ತದೆ. ನಮ್ಮ ಇಂಗ್ಲಿಷನ್ನು ಕೇಳಿ ಯಾರಾದರೂ ನಕ್ಕಾರು ಎಂಬ ಸಂಕೋಚವೇ ಇಲ್ಲಿ ದೊಡ್ಡ ಶತ್ರು. ತರಗತಿಯಲ್ಲಿ ಕೇಳಲು ಹಿಂಜರಿಕೆಯಾದರೆ ಪಾಠ ಮುಗಿದ ಬಳಿಕ ಅಧ್ಯಾಪಕರ ಕೊಠಡಿಗೆ ಹೋಗಿ ಕೇಳಬಹುದು. ತಿಳಿಯಬೇಕೆಂದು ಬಂದ ವಿದ್ಯಾರ್ಥಿಯನ್ನು ಅವನ ವ್ಯಾಕರಣಕ್ಕಾಗಿ ಹಿಂದಕ್ಕೆ ಕಳುಹಿಸಿದ ಅಧ್ಯಾಪಕರನ್ನು ನಾನು ಈವರೆಗೆ ಕಂಡಿಲ್ಲ.

ಸೇವೆಯ ಶಾಲೆ

ದೇಶ ಸುತ್ತು, ಕೋಶ ಓದು ಎಂಬ ಗಾದೆಯನ್ನು ನಮ್ಮ ಹಿರಿಯರು ಮಾಡಿಟ್ಟಿದ್ದಾರೆ. ಕೋಶವನ್ನು ಪಾಠದ ಶಾಲೆಯು ಓದಿಸುತ್ತದೆ; ದೇಶವನ್ನು ಸುತ್ತಿಸುವುದು ರಾಷ್ಟ್ರೀಯ ಸೇವಾ ಯೋಜನೆ. ಕಾಲೇಜುಗಳಲ್ಲಿ ಎನ್.ಎಸ್.ಎಸ್. ಎಂದೇ ಅದು ಪ್ರಸಿದ್ಧವಾಗಿದೆ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅದು 37 ವಿಶ್ವವಿದ್ಯಾನಿಲಯಗಳಲ್ಲಿ, ಸುಮಾರು 40,000 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಅದನ್ನು ಜಾರಿಗೆ ತಂದವರು ಅಂದಿನ ಕೇಂದ್ರ ಶಿಕ್ಷಣ ಸಚಿವರಾಗಿದ್ದ ಡಾ. ವಿ. ಕೆ. ಆರ್. ವಿ. ರಾವ್ ಅವರು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರವನ್ನು ಓದಿದ ಅವರು ಆಗ ಲೋಕಸಭೆಯಲ್ಲಿ ಬಳ್ಳಾರಿಯನ್ನು ಪ್ರತಿನಿಧಿಸುತ್ತಿದ್ದರೆಂಬುದು ಮುಂಬಯಿ ಕನ್ನಡಿಗರಾದ ನಮಗೆ ನೆನಪಿನಲ್ಲಿರಬೇಕಾದ ಸಂಗತಿ.

ಸ್ವಯಂಸೇವಕರು ಎದೆಯ ಮೇಲೆ ಧರಿಸುವ ಪದಕದಲ್ಲಿ ಕೋನಾರ್ಕದ ಸೂರ್ಯದೇವಾಲಯದ ರಥಚಕ್ರವಿದೆ. ಅದರ ಎಂಟು ಅರೆಗಳು ದಿನದ ಎಂಟು ಪ್ರಹರಗಳನ್ನು, ಎಂದರೆ ಇಪ್ಪತ್ತನಾಲ್ಕು ಗಂಟೆಗಳನ್ನು ಸೂಚಿಸುತ್ತವೆ. "ನನಗಲ್ಲ, ನಿನಗೆ" ಎಂಬುದು ಯೋಜನೆಯ ಧ್ಯೇಯವಾಕ್ಯ. ಸೇರಿದವರು ವರ್ಷಕ್ಕೆ 120 ಗಂಟೆಗಳಂತೆ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆಯನ್ನು ಸಲ್ಲಿಸಬೇಕು. ಅದರೊಡನೆ ಏಳು ದಿನಗಳ ವಿಶೇಷ ಶಿಬಿರವೊಂದರಲ್ಲಿ ಭಾಗವಹಿಸಬೇಕು. ನಗರದಲ್ಲಿ ನಾವು ಮಾಡುವ ಕೆಲಸಗಳು ನೀವು ಕಣ್ಣಾರೆ ಕಂಡಂಥವೇ: ಗಣೇಶ ವಿಸರ್ಜನೆಯ ದಿನ ಸಮುದ್ರತೀರದಲ್ಲಿ ನಿಂತು ಹೂವು ಪತ್ರೆಗಳ ನಿರ್ಮಾಲ್ಯವನ್ನು ಬೇರೆಯಾಗಿ ಸಂಗ್ರಹಿಸುವುದು, ರಕ್ತದಾನ ಶಿಬಿರದಲ್ಲಿ ಬಂದವರ ಹೆಸರು ಬರೆದುಕೊಳ್ಳುವುದು, ಸಂಜೆ ಬಸ್ತಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು.

ಶಿಬಿರದ ಅನುಭವವನ್ನು ಸ್ವಲ್ಪ ವಿಸ್ತರಿಸಿ ಹೇಳುತ್ತೇನೆ. ಕಳೆದ ವರ್ಷದ ಡಿಸೆಂಬರಿನಲ್ಲಿ ನಮ್ಮ ತಂಡವು ಪಾಲಘರ್ ಜಿಲ್ಲೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿತ್ತು. ಆ ಜಿಲ್ಲೆಯಲ್ಲಿ ಮಳೆಗೆ ಕೊರತೆಯಿಲ್ಲ. ಆದರೆ ಅದೆಲ್ಲವೂ ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿದುಬಿಡುತ್ತದೆ. ಕಡಿದಾದ ಇಳಿಜಾರು, ಕೆಳಗೆ ಕರಿಯ ಬಂಡೆ. ನೀರು ನಿಲ್ಲದೆ ಸಮುದ್ರಕ್ಕೆ ಓಡುತ್ತದೆ. ಬೇಸಿಗೆ ಬಂದರೆ ಹಳ್ಳಿಯ ಹೆಂಗಸರು ಕೊಡ ಹೊತ್ತು ಬೆಟ್ಟ ಇಳಿಯಬೇಕಾಗುತ್ತದೆ. ಹರಿಯುತ್ತಿರುವ ಹಳ್ಳಕ್ಕೆ ಮಳೆಗಾಲ ಮುಗಿದೊಡನೆ ಅಡ್ಡಗಟ್ಟೆ ಹಾಕಿ ನೀರನ್ನು ತಡೆದು ನಿಲ್ಲಿಸುವುದು ಇದಕ್ಕೆ ಒಂದು ಸುಲಭೋಪಾಯ. ಮಹಾರಾಷ್ಟ್ರದಲ್ಲಿ ಇದಕ್ಕೆ ವನರಾಯಿ ಬಂಧಾರಾ ಎಂದು ಹೆಸರು.

ಇದಕ್ಕೆ ಬೇಕಾದುದು ಸಿಮೆಂಟಿನ ಬರಿಯ ಚೀಲಗಳು, ಮಣ್ಣು, ಮರಳು ಮತ್ತು ಇಪ್ಪತ್ತು ಮೂವತ್ತು ಜನರ ತೋಳ್ಬಲ. ಚೀಲಗಳಿಗೆ ಮಣ್ಣು ಮರಳನ್ನು ತುಂಬಿ, ಬಾಯಿ ಹೊಲಿದು, ಗೋಡೆಗೆ ಇಟ್ಟಿಗೆಯನ್ನಿಡುವಂತೆ ಒಂದು ಸಾಲಿನ ಸಂದು ಇನ್ನೊಂದು ಸಾಲಿನ ಸಂದಿಗೆ ಸೇರದ ಹಾಗೆ ಜೋಡಿಸಬೇಕು. ನೀರು ಬರುವ ಕಡೆಯಲ್ಲಿ ಜೇಡಿಮಣ್ಣನ್ನು ಮೆತ್ತಬೇಕು. ಬುಡವು ಅಗಲವಾಗಿಯೂ ಮೇಲ್ಭಾಗವು ಕಿರಿದಾಗಿಯೂ ಇರಬೇಕು. ಹೀಗೇಕೆ ಎಂದು ತಂಡದ ಒಬ್ಬ ಗೆಳೆಯನು ಕೇಳಿದನು. ದ್ರವದ ಒತ್ತಡವು ಆಳ ಹೆಚ್ಚಿದಂತೆ ಹೆಚ್ಚುತ್ತದೆಂದು ಈ ಶಾಲೆಯಲ್ಲಿ ಕಲಿತ ಪಾಠವು ಕನ್ನಡದಲ್ಲಿಯೇ ನನ್ನ ನೆನಪಿಗೆ ಬಂದಿತು. ಅದನ್ನು ಮರಾಠಿಯಲ್ಲಿ ಅವನಿಗೆ ವಿವರಿಸಿದೆನು. ಅಂದು ಆ ವಾಕ್ಯವು ಪರೀಕ್ಷೆಯ ಉತ್ತರವಾಗಿ ಉಳಿಯದೆ ಕಣ್ಣಮುಂದೆ ನಿಂತ ಗೋಡೆಯಾಯಿತು.

ಗಟ್ಟೆಯನ್ನು ಎಲ್ಲಿ ಕಟ್ಟಬೇಕೆಂಬುದನ್ನು ಮಾತ್ರ ನಮ್ಮ ಪುಸ್ತಕಗಳು ಹೇಳಲಿಲ್ಲ. ಹಳ್ಳವು ಕಿರಿದಾಗಿದ್ದ ಜಾಗವೊಂದನ್ನು ನಾವು ಆರಿಸಿದ್ದೆವು. ಅಲ್ಲಿಯ ವಾರ್ಲಿ ಜನಾಂಗದ ಒಬ್ಬ ಅಜ್ಜಿಯು, ಆ ಜಾಗದಲ್ಲಿ ಬಂಡೆ ಸೀಳಿದೆ, ನಿಲ್ಲಿಸಿದ ನೀರು ಅಡಿಯಿಂದ ಜಾರಿಹೋಗುತ್ತದೆ ಎಂದು ತಿಳಿಸಿ, ಐವತ್ತು ಹೆಜ್ಜೆ ಮೇಲಿನ ಸ್ಥಳವನ್ನು ತೋರಿಸಿದರು. ಓದು ಬರಹ ಅರಿಯದ ಅವರು ಅಂದು ನಮಗೆಲ್ಲ ಅಧ್ಯಾಪಕರಾದರು. ಸೇವೆಯೆಂದರೆ ಬಲ್ಲವರು ಅರಿಯದವರಿಗೆ ಮಾಡುವ ಉಪಕಾರವೆಂಬ ಭಾವನೆ ನಮ್ಮಲ್ಲಿ ಹಲವರಿಗಿರುತ್ತದೆ. ಹಳ್ಳಿಯಲ್ಲಿ ಏಳು ದಿನ ಕಳೆದವರಿಗೆ ಆ ಭಾವನೆಯು ಉಳಿಯುವುದಿಲ್ಲ.

ಇಲ್ಲಿ ಇನ್ನೊಂದು ಸತ್ಯವನ್ನೂ ಹೇಳಬೇಕು. ಇಂಥ ಗಟ್ಟೆಯು ಮುಂದಿನ ಮಳೆಗಾಲದ ಪ್ರವಾಹವನ್ನು ತಡೆಯಲಾರದು. ವರ್ಷವರ್ಷವೂ ಹೊಸದಾಗಿ ಕಟ್ಟಬೇಕು. ಏಳು ದಿನಗಳ ಶಿಬಿರದಿಂದ ಹಳ್ಳಿಯ ಬಡತನ ನೀಗುವುದಿಲ್ಲ. ಊರವರೇ ಕೈಸೇರಿಸಿ ಮುಂದಿನ ವರ್ಷ ತಾವಾಗಿ ಕಟ್ಟಿಕೊಂಡರೆ ನಮ್ಮ ಕೆಲಸ ಸಾರ್ಥಕ. ಇಲ್ಲವಾದರೆ ಛಾಯಾಚಿತ್ರಗಳು ಮಾತ್ರ ಉಳಿಯುತ್ತವೆ. ಆದುದರಿಂದ ಸೇವೆಗೆ ಹೋಗುವವರು, ನಾವು ಹಿಂದಿರುಗಿದ ಮೇಲೆ ಇದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಿಕೊಳ್ಳಬೇಕು.

ಅಂಗಳದ ಶಾಲೆ

ಪಾಠವೂ ಸೇವೆಯೂ ಇಲ್ಲದ ವೇಳೆಯಲ್ಲಿ ವಿದ್ಯಾರ್ಥಿಗಳು ಗ್ರಂಥಾಲಯ, ಕ್ಯಾಂಟೀನು, ಆಟದ ಬಯಲು ಇಲ್ಲೆಲ್ಲ ಇರುತ್ತಾರೆ. ಇದೇ ಅಂಗಳದ ಶಾಲೆ. ಇಲ್ಲಿ ಗಂಟೆ ಬಾರಿಸುವವರಿಲ್ಲ.

ಮೊದಲು ಗ್ರಂಥಾಲಯ. ಓವಲ್ ಮೈದಾನದ ಎದುರಿಗೆ ನಿಂತಿರುವ ರಾಜಾಬಾಯಿ ಗೋಪುರವನ್ನು ನೀವು ಕಂಡಿರಬಹುದು. ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದರು ಕೊಟ್ಟ ದ್ರವ್ಯದಿಂದ ಕಟ್ಟಲ್ಪಟ್ಟು 1878ರಲ್ಲಿ ಪೂರ್ಣಗೊಂಡ ಈ ಗೋಪುರಕ್ಕೆ ಅವರ ತಾಯಿಯ ಹೆಸರಿದೆ. ಗಡಿಯಾರವನ್ನು ಎಲ್ಲರೂ ನೋಡುತ್ತಾರೆ. ಅದರ ಬುಡದಲ್ಲಿರುವುದು ವಿಶ್ವವಿದ್ಯಾನಿಲಯದ ಗ್ರಂಥಾಲಯವೆಂಬುದು ಹಲವರಿಗೆ ತಿಳಿಯದು. ಅನೇಕ ಕಾಲೇಜುಗಳ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಡ್ಯೂಯಿ ಎಂಬುವರ ದಶಮಾಂಶ ಕ್ರಮದಲ್ಲಿ ಜೋಡಿಸಿರುತ್ತಾರೆ. 330 ಎಂದರೆ ಅರ್ಥಶಾಸ್ತ್ರ. 510 ಎಂದರೆ ಗಣಿತ. 580 ಎಂದರೆ ಸಸ್ಯಗಳು. ಈ ಕ್ರಮದಲ್ಲಿ ಕನ್ನಡ ಸಾಹಿತ್ಯದ ಅಂಕೆ 894.814. ನೀವು ಸೇರುವ ಕಾಲೇಜಿನಲ್ಲಿ ಆ ಅಂಕೆಯ ಕಪಾಟನ್ನು ಹುಡುಕಿರಿ. ಅದು ಬರಿದಾಗಿದ್ದರೆ ಪುಸ್ತಕಗಳನ್ನು ತರಿಸಬೇಕೆಂದು ಗ್ರಂಥಪಾಲರಲ್ಲಿ ಬರಹದ ಮೂಲಕ ಕೇಳಿಕೊಳ್ಳಿರಿ. ಕೇಳುವವರಿಲ್ಲದ ಪುಸ್ತಕವನ್ನು ಯಾವ ಗ್ರಂಥಾಲಯವೂ ಕೊಳ್ಳುವುದಿಲ್ಲ.

ಎರಡನೆಯದಾಗಿ ಗೆಳೆತನ. ನಮ್ಮ ಕ್ಯಾಂಟೀನಿನ ಒಂದು ಮೇಜಿನ ಸುತ್ತ ಮರಾಠಿ, ಗುಜರಾತಿ, ಉರ್ದು, ತಮಿಳು ಮನೆಮಾತಿನವರೆಲ್ಲ ಕುಳಿತುಕೊಳ್ಳುತ್ತಾರೆ. ಕನ್ನಡ ಮಾಧ್ಯಮದಿಂದ ಬಂದ ನನ್ನ ಅಳುಕೇ ಮರಾಠಿ ಮಾಧ್ಯಮದಿಂದ ಬಂದ ಗೆಳತಿಗೂ ಉರ್ದು ಮಾಧ್ಯಮದಿಂದ ಬಂದ ಗೆಳೆಯನಿಗೂ ಇದ್ದಿತೆಂಬುದು ಮಾತಾಡಿದ ಮೇಲೆ ತಿಳಿಯಿತು. ಮೂವರೂ ಸೇರಿ ಓದತೊಡಗಿದೆವು. ಒಬ್ಬರಿಗೆ ತಿಳಿಯದ ಪದವು ಇನ್ನೊಬ್ಬರಿಗೆ ತಿಳಿದಿರುತ್ತಿತ್ತು. ಮುಂಜಾನೆ ತರಗತಿಗೆ ಬಂದು ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿಯೋ ಕಛೇರಿಯಲ್ಲಿಯೋ ದುಡಿಯುವ ಸಹಪಾಠಿಗಳೂ ನಮ್ಮಲ್ಲಿದ್ದಾರೆ. ಮುಂಬಯಿಯ ಕನ್ನಡಿಗರಿಗೆ ಇದು ಹೊಸದೇನಲ್ಲ. ಎಳೆಯ ವಯಸ್ಸಿನಲ್ಲಿ ಕರಾವಳಿಯಿಂದ ಈ ಊರಿಗೆ ಬಂದು, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ರಾತ್ರಿಯ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದ ಹಿರಿಯರು ನಮ್ಮ ನಿಮ್ಮ ಕುಟುಂಬಗಳಲ್ಲಿಯೇ ಇದ್ದಾರು. ಅವರಿಗೆ ದೊರೆತ ವಿರಾಮ ಎಷ್ಟು, ನಮಗೆ ದೊರೆತಿರುವುದೆಷ್ಟು ಎಂದು ಎಣಿಸಿದರೆ ವ್ಯರ್ಥ ಕಾಲಹರಣಕ್ಕೆ ನಾಚಿಕೆಯಾಗುತ್ತದೆ.

ಮೂರನೆಯದಾಗಿ ಉತ್ಸವಗಳು. ಕಾಲೇಜಿನ ವಾರ್ಷಿಕೋತ್ಸವದಲ್ಲಿ ರಂಗದ ಮೇಲೆ ಹಾಡುವವರು ಹತ್ತು ಜನರಾದರೆ ಹಿಂದೆ ದುಡಿಯುವವರು ನೂರು ಜನ. ಕುರ್ಚಿಗಳ ಬಾಡಿಗೆಯನ್ನು ಮಾತಾಡಿ ನಿಶ್ಚಯಿಸುವುದು, ಖರ್ಚಿನ ರಸೀತಿಗಳನ್ನು ಜೋಪಾನ ಮಾಡುವುದು, ಲೆಕ್ಕವನ್ನು ಒಂದು ರೂಪಾಯಿಯೂ ತಪ್ಪದಂತೆ ಒಪ್ಪಿಸುವುದು, ಇವು ಯಾವ ಪ್ರಶ್ನೆಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೆ ಮುಂದಿನ ಬಾಳಿನಲ್ಲಿ ಪ್ರತಿನಿತ್ಯ ಬರುವ ಪ್ರಶ್ನೆಗಳು ಇವೇ.

ಮೂರು ಶಾಲೆಗಳ ಹೊಂದಾಣಿಕೆ

ಒಂದೇ ಕಾಲಕ್ಕೆ ಮೂರು ಶಾಲೆಗಳಲ್ಲಿ ಓದುವುದು ಸಾಧ್ಯವೇ ಎಂದು ನೀವು ಕೇಳಬಹುದು. ಸಾಧ್ಯ, ಆದರೆ ಪ್ರತಿಯೊಂದಕ್ಕೂ ಮೇರೆಯನ್ನು ಹಾಕಿಕೊಳ್ಳಬೇಕು. ಉತ್ಸವದ ಅಮಲಿನಲ್ಲಿ ಓದನ್ನು ಮರೆತವರನ್ನು ಕಂಡಿದ್ದೇನೆ. ಹಾಗೆಯೇ ಅಂಕಗಳ ಹೊರತು ಬೇರೊಂದನ್ನು ನೋಡದೆ, ಮೂರು ವರ್ಷಗಳಲ್ಲಿ ಒಬ್ಬ ಗೆಳೆಯನನ್ನೂ ಪಡೆಯದೆ ಹೋದವರನ್ನೂ ಕಂಡಿದ್ದೇನೆ. ಸೇವೆಗೆ ನಿಗದಿಯಾದ ವರ್ಷದ 120 ಗಂಟೆಗಳನ್ನು ವಾರಗಳಿಗೆ ಹಂಚಿದರೆ ವಾರಕ್ಕೆ ಎರಡು ಮೂರು ಗಂಟೆಗಳಷ್ಟೇ ಆಗುತ್ತವೆ. ಪರೀಕ್ಷೆಗೆ ಒಂದು ತಿಂಗಳಿರುವಾಗ ಉಳಿದ ಕೆಲಸಗಳಿಗೆ ವಿನಯದಿಂದ ಇಲ್ಲವೆನ್ನಲು ಕಲಿತರೆ ಯಾವ ಹಾನಿಯೂ ಇಲ್ಲ.

ಒಂಬತ್ತು ಹತ್ತನೆಯ ತರಗತಿಗಳಲ್ಲಿರುವವರು ಈಗಿನಿಂದಲೇ ಮಾಡಬಹುದಾದ ಮೂರು ಸಿದ್ಧತೆಗಳನ್ನು ಹೇಳಿ ಮುಗಿಸುತ್ತೇನೆ. ವಿಜ್ಞಾನದ ಪಾರಿಭಾಷಿಕ ಪದಗಳನ್ನು ಕಂಠಪಾಠ ಮಾಡುವುದರ ಬದಲು ಬಿಡಿಸಿ ಅರ್ಥಮಾಡಿಕೊಳ್ಳಿರಿ. ಅವೇ ಮುಂದೆ ನಿಮಗೆ ಇಂಗ್ಲಿಷಿನ ಬಾಗಿಲನ್ನು ತೆರೆಯುವ ಕೀಲಿಕೈಗಳು. ದಿನಕ್ಕೊಂದು ಪುಟ ಇಂಗ್ಲಿಷನ್ನು ಗಟ್ಟಿಯಾಗಿ ಓದುವ ಅಭ್ಯಾಸವಿಟ್ಟುಕೊಳ್ಳಿರಿ. ತರಗತಿಯಲ್ಲಿ ವಾರಕ್ಕೊಂದಾದರೂ ಪ್ರಶ್ನೆಯನ್ನು ಎದ್ದು ನಿಂತು ಕೇಳಿರಿ.

ಮುಂಬಯಿಯಲ್ಲಿ ಕನ್ನಡ ಮಾಧ್ಯಮದ ತರಗತಿಗಳು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿರುವುದು ನಿಮಗೆ ತಿಳಿದೇ ಇದೆ. ಕನ್ನಡದಲ್ಲಿ ಓದಿದರೆ ಮುಂದೇನು ಗತಿ ಎಂದು ತಾಯಿತಂದೆಗಳು ಕೇಳುತ್ತಿದ್ದಾರೆ. ಆ ಪ್ರಶ್ನೆಗೆ ಸಭೆಗಳ ಭಾಷಣಗಳಿಂದ ಉತ್ತರ ಹೇಳಲಾಗದು. ಇಲ್ಲಿಂದ ಹೊರಟ ಒಬ್ಬೊಬ್ಬ ವಿದ್ಯಾರ್ಥಿಯೂ ಕಾಲೇಜಿನಲ್ಲಿ ತಲೆಯೆತ್ತಿ ಓದಿ, ತನಗೆ ಪ್ರಿಯವಾದ ವಿಷಯದಲ್ಲಿ ನೆಲೆ ಕಂಡುಕೊಂಡು, ಕಿರಿಯರಿಗೆ ಕೈನೀಡುವುದೇ ಅದಕ್ಕೆ ತಕ್ಕ ಉತ್ತರ. ಆ ಉತ್ತರವನ್ನು ಬರೆಯುವ ಸರದಿ ಈಗ ನಿಮ್ಮದು. ನಿಮ್ಮೆಲ್ಲರ ವಿದ್ಯಾಭ್ಯಾಸವು ಸಫಲವಾಗಲೆಂದು ಹಾರೈಸುತ್ತೇನೆ.